ಕೇಳಿ ಅರಿಯಬೇಕಾದ ನೋವು: ಜನಸಮುದಾಯಗಳಲ್ಲಿ ದೀರ್ಘಕಾಲದ ನೋವಿನ ಕಾರಣ ಮತ್ತು ನಿರ್ವಹಣೆಯ ಶೋಧ

ಕನ್ನಡದ ‘ಕೇಳು’ ಎಂಬ ಕ್ರಿಯಾಪದಕ್ಕೆ ಪ್ರಶ್ನಿಸುವುದು, ಕಿವಿಗೊಡುವುದು ಎಂಬ ಎರಡು ಅರ್ಥಗಳಿದ್ದು, ದೀರ್ಘಕಾಲದ ನೋವನ್ನು ಕುರಿತ ಸಂಶೋಧನೆಯು ಈ ಎರಡನ್ನೂ ಒಟ್ಟಿಗೆ ಬೇಡುವ ವಿದ್ಯೆಯಾಗಿದೆ. ರಕ್ತದೊತ್ತಡವನ್ನು ಪಾದರಸದ ಕಂಬದಿಂದ, ಸಕ್ಕರೆಯ ಅಂಶವನ್ನು ಒಂದು ಹನಿ ರಕ್ತದಿಂದ, ಕ್ಷಯವನ್ನು ಕಫದ ಪರೀಕ್ಷೆಯಿಂದ ತಿಳಿಯಬಹುದು. ನೋವನ್ನು ಅಳೆಯುವ ಅಂಥ ಉಪಕರಣವೊಂದು ಇದುವರೆಗೆ ಸಿದ್ಧವಾಗಿಲ್ಲವಾದ್ದರಿಂದ, ನೋಯುತ್ತಿರುವವರು ಹೇಳಬೇಕು, ಕೇಳುವವರು ನಂಬಬೇಕು. ಒಬ್ಬ ರೋಗಿಯ ಮುಂದೆ ಕುಳಿತ ವೈದ್ಯರಿಗೇ ಕಠಿಣವಾದ ಈ ಕೆಲಸವನ್ನು ಸಾವಿರಾರು ಜನರಿರುವ ಊರಿನ ಅಥವಾ ನಾಡಿನ ಮಟ್ಟದಲ್ಲಿ ಮಾಡುವುದು ಹೇಗೆ, ಹಾಗೆ ಮಾಡಿದಾಗ ನೋವಿನ ಕಾರಣಗಳ ಬಗ್ಗೆ ತಿಳಿದುಬಂದದ್ದೇನು, ಆ ತಿಳಿವಳಿಕೆ ನೊಂದವರ ಉಪಶಮನಕ್ಕೆ ಎಷ್ಟರಮಟ್ಟಿಗೆ ಒದಗಿದೆ ಎಂಬುದು ಈ ಉಪನ್ಯಾಸದ ವಿಷಯ.

ನೋವಿನ ಅಧ್ಯಯನಕ್ಕೆಂದು 1973ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜಾನ್ ಬೋನಿಕಾ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಸಂಘವು 1979ರಲ್ಲಿ ಪ್ರಕಟಿಸಿ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯು ನೋವನ್ನು ಇಂದ್ರಿಯಗಳಿಗೂ ಭಾವಗಳಿಗೂ ಸೇರಿದ ಅಹಿತಕರ ಅನುಭವವೆಂದು ಗುರುತಿಸುತ್ತದೆ. ಆ ಅನುಭವದ ಹಿಂದೆ ಅಂಗಾಂಶಕ್ಕೆ ಆದ ಅಥವಾ ಆಗಬಹುದಾದ ಹಾನಿ ಇರಬಹುದು, ಇಲ್ಲವೇ ಹಾನಿಯಾದಾಗ ಆಗುವಂಥ ಅನುಭವ ಮಾತ್ರವೇ ಇರಬಹುದು. ಗಾಯ ಮಾಯುವುದಕ್ಕೆ ಸಾಮಾನ್ಯವಾಗಿ ಬೇಕಾಗುವ ಅವಧಿಯನ್ನು ದಾಟಿ, ಮೂರು ತಿಂಗಳಿಗೂ ಹೆಚ್ಚು ಕಾಲ ಉಳಿಯುವ ಅಥವಾ ಮತ್ತೆ ಮತ್ತೆ ಮರಳುವ ನೋವನ್ನು ದೀರ್ಘಕಾಲದ ನೋವೆಂದು ಕರೆಯುವುದು ರೂಢಿ. 2022ರ ಜನವರಿಯಲ್ಲಿ ಜಾರಿಗೆ ಬಂದ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ‘ಪ್ರಾಥಮಿಕ ದೀರ್ಘಕಾಲದ ನೋವು’ ಎಂಬ ಶೀರ್ಷಿಕೆ ಸೇರಿದ್ದು, ಬೇರೊಂದು ರೋಗದ ನೆರಳಾಗಿ ಅಲ್ಲದೆ ನೋವು ತಾನೇ ಒಂದು ರೋಗವಾಗಿ ಇರಬಲ್ಲದೆಂಬ ಮಾತಿಗೆ ಅದರಿಂದ ಅಧಿಕೃತ ಮನ್ನಣೆ ದೊರೆಯಿತು. ಎಲ್ಲ ಪರೀಕ್ಷೆಗಳೂ ಸರಿಯಾಗಿವೆ, ನಿಮಗೆ ಏನೂ ಇಲ್ಲ ಎಂಬ ಉತ್ತರ ಹೊತ್ತು ವರ್ಷಗಟ್ಟಲೆ ಮನೆಗೆ ಮರಳಿದವರ ಪಾಲಿಗೆ ಈ ಒಂದು ಶೀರ್ಷಿಕೆ ಎಷ್ಟು ದೊಡ್ಡ ಮಾತೆಂಬುದನ್ನು ಅಂಥವರೊಡನೆ ಬದುಕಿದವರು ಬಲ್ಲರು.

ಆಸ್ಪತ್ರೆಯ ಕಡತಗಳಲ್ಲಿ ಇಷ್ಟೊಂದು ರೋಗಿಗಳ ವಿವರ ಇರುವಾಗ ಮನೆಮನೆಗೆ ಹೋಗಿ ಕೇಳುವ ಅಗತ್ಯವೇನು ಎಂಬ ಪ್ರಶ್ನೆಗೆ ಇಂಗ್ಲೆಂಡಿನ ದಕ್ಷಿಣ ಮ್ಯಾಂಚೆಸ್ಟರಿನಲ್ಲಿ ಪೀಟರ್ ಕ್ರಾಫ್ಟ್ ಮತ್ತು ಸಂಗಡಿಗರು ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವು ತಕ್ಕ ಉತ್ತರವನ್ನು ಕೊಟ್ಟಿದೆ. ಸೊಂಟನೋವಿಗೆಂದು ವೈದ್ಯರ ಬಳಿಗೆ ಬಂದವರಲ್ಲಿ ಬಹುತೇಕರು ಕೆಲವೇ ವಾರಗಳಲ್ಲಿ ಗುಣವಾಗುತ್ತಾರೆ ಎಂಬುದು ಅಲ್ಲಿಯವರೆಗೆ ಪಠ್ಯಪುಸ್ತಕಗಳು ಒಪ್ಪಿದ್ದ ಮಾತಾಗಿತ್ತು, ಮತ್ತು ಚಿಕಿತ್ಸಾಲಯದ ದಾಖಲೆಗಳು ಅದನ್ನೇ ಸಮರ್ಥಿಸುವಂತಿದ್ದವು: ಹಾಗೆ ಬಂದ 463 ಮಂದಿಯಲ್ಲಿ ಶೇ. 59ರಷ್ಟು ಜನ ಒಮ್ಮೆ ಮಾತ್ರ ಬಂದಿದ್ದರು, ಇನ್ನೂ ಶೇ. 32ರಷ್ಟು ಜನ ಮೂರು ತಿಂಗಳೊಳಗೆ ಬರುವುದನ್ನು ನಿಲ್ಲಿಸಿದ್ದರು. ಆದರೆ ಸಂಶೋಧಕರು ಅವರಲ್ಲಿ ಹಲವರನ್ನು ಮನೆಗೇ ಹೋಗಿ ಕಂಡು ಕೇಳಿದಾಗ, ಹನ್ನೆರಡು ತಿಂಗಳ ಕೊನೆಗೆ ನೋವೂ ಅದರಿಂದಾದ ಅಡಚಣೆಯೂ ಪೂರ್ತಿ ಕಳೆದಿದ್ದವರು ನಾಲ್ವರಲ್ಲಿ ಒಬ್ಬರು ಮಾತ್ರ. ಉಳಿದವರಲ್ಲಿ ಬಹುಪಾಲು ಜನ ಗುಣವಾಗಿ ಹೋದವರಲ್ಲ, ನೋವಿದ್ದೂ ಬರುವುದನ್ನು ಬಿಟ್ಟವರು. ವೈದ್ಯರ ಕೋಣೆಯ ಬಾಗಿಲಿನಿಂದ ಆಚೆಗೆ ನೋವು ಏನಾಗುತ್ತದೆ ಎಂಬುದು ಆ ಕೋಣೆಯೊಳಗೆ ಕುಳಿತವರಿಗೆ ಕಾಣುವುದಿಲ್ಲವೆಂಬುದನ್ನು ಇಷ್ಟು ನೇರವಾಗಿ ತೋರಿದ ಅಧ್ಯಯನಗಳು ಕಡಿಮೆ.

ಊರಿಗೆ ಊರನ್ನೇ ಕೇಳಲು ಹೊರಟಾಗ ಎದುರಾಗುವ ಮೊದಲ ತೊಡಕು ಪ್ರಶ್ನೆಯ ಮಾತಿನದು. ಸ್ಕಾಟ್ಲೆಂಡಿನ ಗ್ರಾಂಪಿಯನ್ ಪ್ರಾಂತದಲ್ಲಿ ಆಲಿಸನ್ ಎಲಿಯಟ್ ಮತ್ತು ಇತರರು ನಡೆಸಿ 1999ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮೂರು ತಿಂಗಳಿಂದ ಎಡೆಬಿಡದೆಯೋ ಬಿಟ್ಟು ಬಿಟ್ಟೋ ನೋವು ಇದೆಯೆಂದು ಹೇಳಿದವರ ಪ್ರಮಾಣ ಶೇ. 50.4 ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ಸಂಧಿವಾತ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟದೊಡನೆ ಸೇರಿ 1981ರಲ್ಲಿ ಆರಂಭಿಸಿದ ಕಾಪ್‌ಕಾರ್ಡ್ ಎಂಬ ಕಾರ್ಯಕ್ರಮದ ಅಡಿಯಲ್ಲಿ ಪುಣೆ ಜಿಲ್ಲೆಯ ಭಿಗವಣ ಗ್ರಾಮದಲ್ಲಿ ಅರವಿಂದ ಚೋಪ್ರಾ ಅವರ ತಂಡವು 1996ರಲ್ಲಿ ಸುಮಾರು 4,000 ವಯಸ್ಕರನ್ನು ಕಂಡು ಕೀಲು, ಮೂಳೆ, ಸ್ನಾಯುಗಳ ನೋವನ್ನು ವಿಚಾರಿಸಿದಾಗ ಆ ಪ್ರಮಾಣ ಶೇ. 18.2 ಎಂದು ಬಂದಿತು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು, ಭಾರತದ ಹಳ್ಳಿಯವರಿಗೆ ನೋವು ಕಡಿಮೆ ಎಂದು ತೀರ್ಮಾನಿಸುವುದು ಅವಸರದ ಕೆಲಸವಾದೀತು, ಏಕೆಂದರೆ ಅಲ್ಲಿ ಕೇಳಿದ್ದು ಎಲ್ಲ ಬಗೆಯ ನೋವನ್ನು, ಇಲ್ಲಿ ಕೇಳಿದ್ದು ಒಂದು ಬಗೆಯ ನೋವನ್ನು. ಕೇಳಿದ ರೀತಿಯೂ ಕೇಳಿಸಿಕೊಂಡವರ ವಯಸ್ಸಿನ ಹಂಚಿಕೆಯೂ ಬೇರೆ. ಬರಹ ಬಾರದವರಿಗೂ ಅನುಕೂಲವಾಗಲೆಂದು ಇಂಥ ಸಮೀಕ್ಷೆಗಳಲ್ಲಿ ಮನುಷ್ಯನ ದೇಹದ ರೇಖಾಚಿತ್ರವೊಂದನ್ನು ಮುಂದಿಟ್ಟು, ನೋವಿರುವ ಜಾಗಗಳನ್ನು ಅದರ ಮೇಲೆ ಗುರುತು ಮಾಡಿಸುವ ಪದ್ಧತಿಯಿದೆ. ಎಲ್ಲಿ ನೋವು ಎಂಬುದನ್ನು ಆ ಚಿತ್ರ ಹೇಳಿಸಬಲ್ಲದು. ಎಂಥ ನೋವು ಎಂಬುದಕ್ಕೆ ಭಾಷೆಯೇ ಬೇಕು.

ಕನ್ನಡದ ಮಟ್ಟಿಗೆ ಈ ಭಾಷೆ ಬಡವಾಗಿಲ್ಲ. ದಕ್ಷಿಣದ ಸೊಂಟನೋವು ಧಾರವಾಡ, ಕಲಬುರಗಿಯ ಕಡೆಗೆ ಟೊಂಕದ ನೋವೋ ನಡದ ನೋವೋ ಆಗುತ್ತದೆ. ಮಂಡಿನೋವು, ಮೊಣಕಾಲು ಬೇನೆ, ಸಂದುನೋವು ಎಂಬ ಹೆಸರುಗಳು ಒಂದೇ ತಾಲ್ಲೂಕಿನೊಳಗೆ ಬದಲಾಗುತ್ತವೆ. ಇನ್ನು ಸೆಳೆತ, ಚಳುಕು, ಉಳುಕು, ಹಿಡಿತ, ಉರಿ, ಜೋಮು, ಸಿಡಿತ, ಶೂಲೆ ಎಂಬ ಮಾತುಗಳಲ್ಲಿ ಒಂದೊಂದೂ ಒಂದೊಂದು ಅನುಭವವನ್ನು ಹೆಸರಿಸುತ್ತದೆ. ಈ ಭೇದಗಳು ಕೇವಲ ಭಾಷೆಯ ಸೊಗಸಿಗಾಗಿ ಹುಟ್ಟಿದವಲ್ಲ. ಉರಿ, ಜೋಮು, ಚುಚ್ಚಿದಂಥ ಸಿಡಿತ ಇವು ನರಕ್ಕೆ ಆದ ಹಾನಿಯನ್ನು ಸೂಚಿಸುವ ಸಂಭವ ಹೆಚ್ಚು. ಹೊತ್ತಾರೆ ಎದ್ದಾಗ ಗಂಟೆಗೂ ಮೀರಿ ಬಿಡದ ಹಿಡಿತವು ಕೀಲುಗಳ ಉರಿಯೂತದತ್ತ ಬೆರಳು ತೋರಿಸುತ್ತದೆ. ದುಡಿದಾಗ ಹೆಚ್ಚಿ ಕುಳಿತಾಗ ಇಳಿಯುವ ನೋವು ಸವೆದ ಮಂಡಿಯದಾಗಿರಬಹುದು. ಬೇರೆ ಭಾಷೆಯಲ್ಲಿ ಸಿದ್ಧವಾದ ಪ್ರಶ್ನಾವಳಿಯನ್ನು ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತಂದಾಗ ಇವೆಲ್ಲವೂ ‘ನೋವು’ ಎಂಬ ಒಂದೇ ಮಾತಿನೊಳಗೆ ಕರಗಿಹೋಗುವುದರಿಂದ, ಸಂಶೋಧಕರು ಅನುವಾದಕ್ಕೆ ವ್ಯಯಿಸುವ ಶ್ರಮವನ್ನು ಸಂಶೋಧನೆಯ ಪೂರ್ವಸಿದ್ಧತೆ ಎನ್ನುವುದಕ್ಕಿಂತ ಸಂಶೋಧನೆಯ ತಿರುಳೆಂದೇ ಎಣಿಸಬೇಕು.

ಕಾರಣಗಳ ಹುಡುಕಾಟಕ್ಕೆ ಬಂದರೆ, ನೋವಿರುವಲ್ಲಿ ಹಾನಿಯಿರಬೇಕು, ಹಾನಿಯಿರುವಲ್ಲಿ ನೋವಿರಬೇಕು ಎಂಬ ಸಹಜ ನಂಬಿಕೆ ಮೊದಲು ಸಡಿಲವಾಗಬೇಕಾಯಿತು. ಬೆನ್ನುನೋವೇ ಇಲ್ಲದ 98 ಜನರ ಬೆನ್ನುಮೂಳೆಯನ್ನು ಎಂಆರ್‌ಐ ಯಂತ್ರದಲ್ಲಿ ಪರೀಕ್ಷಿಸಿ 1994ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ವರದಿಯ ಪ್ರಕಾರ, ಅವರಲ್ಲಿ ಶೇ. 52ರಷ್ಟು ಜನರಲ್ಲಿ ಕಶೇರುಗಳ ನಡುವಣ ಮೆತ್ತೆ, ಎಂದರೆ ಡಿಸ್ಕು, ಒಂದು ಕಡೆಯಾದರೂ ಉಬ್ಬಿತ್ತು, ಮತ್ತು ಎಲ್ಲ ಮೆತ್ತೆಗಳೂ ನೆಟ್ಟಗಿದ್ದವರು ಮೂರರಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ. ಚಿತ್ರದಲ್ಲಿ ಡಿಸ್ಕು ಜರುಗಿದೆಯೆಂದು ಕೇಳಿ ಅಂದಿನಿಂದ ಬಗ್ಗಲು ಹೆದರುವ ಎಷ್ಟೋ ಜನರಿಗೆ, ಅಂಥದೇ ಚಿತ್ರವಿರುವ ನೆರೆಯವರು ನೋವಿಲ್ಲದೆ ಗದ್ದೆಯಲ್ಲಿ ದುಡಿಯುತ್ತಿರಬಹುದೆಂದು ಹೇಳುವವರೇ ಇಲ್ಲ. ಅದಕ್ಕೂ ಮುಂಚೆ, 1965ರಲ್ಲಿ, ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಅವರು ಬೆನ್ನುಹುರಿಯಲ್ಲಿ ನೋವಿನ ಸಂದೇಶಗಳನ್ನು ಬಿಡುವ, ತಡೆಯುವ ಬಾಗಿಲಿನಂಥ ವ್ಯವಸ್ಥೆ ಇರಬೇಕೆಂದೂ ಮಿದುಳು ಮೇಲಿನಿಂದ ಅದನ್ನು ತೆರೆದು ಮುಚ್ಚಬಲ್ಲದೆಂದೂ ಪ್ರತಿಪಾದಿಸಿದ್ದು, ಭಯ, ದುಃಖ, ನಿದ್ದೆಗೇಡು ಮೊದಲಾದವು ನೋವಿನ ಹೊರಗಿನ ಅಲಂಕಾರಗಳಲ್ಲದೆ ಅದರ ಯಂತ್ರದೊಳಗಿನ ಭಾಗಗಳೇ ಎಂದು ಯೋಚಿಸಲು ದಾರಿಯಾಗಿತ್ತು.

ಈ ದಾರಿಯಲ್ಲಿ ಜನಸಮುದಾಯದ ಅಧ್ಯಯನಗಳು ಕೊಟ್ಟ ಸಾಕ್ಷ್ಯ ಮನಕಲಕುವಂಥದು. ಬ್ರಿಟನ್ನಿನಲ್ಲಿ 1958ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಬದುಕಿನುದ್ದಕ್ಕೂ ಹಿಂಬಾಲಿಸುತ್ತ ಬಂದಿರುವ ಅಧ್ಯಯನವೊಂದಿದ್ದು, ಆ ಮಕ್ಕಳು 45 ವರ್ಷದವರಾದಾಗ ಮೈಯ ಹಲವು ಭಾಗಗಳಲ್ಲಿ ಹರಡಿದ ನೋವು ಯಾರಿಗಿದೆಯೆಂದು ವಿಚಾರಿಸಲಾಯಿತು. ಏಳು ವರ್ಷದೊಳಗಿನ ಬಾಲ್ಯದ ಬಗ್ಗೆ ದಶಕಗಳ ಹಿಂದೆಯೇ ಬರೆದಿಟ್ಟಿದ್ದ ದಾಖಲೆಗಳೊಡನೆ ಗರೆತ್ ಜೋನ್ಸ್, ಕ್ರಿಸ್ ಪವರ್, ಗ್ಯಾರಿ ಮ್ಯಾಕ್‌ಫರ್ಲೇನ್ ಅವರು ಈ ಉತ್ತರಗಳನ್ನು ಹೋಲಿಸಿ 2009ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ತಾಯಿಯನ್ನು ಕಳೆದುಕೊಂಡವರು, ಅನಾಥಾಲಯದಂಥ ಸಂಸ್ಥೆಗಳಲ್ಲಿ ಬೆಳೆದವರು, ಕಡು ಬಡತನ ಕಂಡವರು, ರಸ್ತೆ ಅಪಘಾತದಲ್ಲಿ ಆಸ್ಪತ್ರೆ ಸೇರಿದ್ದವರು ಇವರಲ್ಲಿ ಅಂಥ ನೋವಿನ ಸಂಭವ ಇತರರಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಇತ್ತು. ನೊಂದವರು ಈಗಿನ ನೋವಿನ ಬೆಳಕಿನಲ್ಲಿ ಹಿಂದಿನದನ್ನು ಕತ್ತಲೆಯಾಗಿ ನೆನೆಯುತ್ತಾರೆ ಎಂಬ ಆಕ್ಷೇಪಕ್ಕೆ ಇಲ್ಲಿ ಎಡೆಯಿಲ್ಲ. ಬಾಲ್ಯದ ಸಂಗತಿಗಳು ಬಾಲ್ಯದಲ್ಲೇ ದಾಖಲಾಗಿದ್ದವು. ಅಮೆರಿಕದ ಬೋಯಿಂಗ್ ವಿಮಾನ ಕಾರ್ಖಾನೆಯ 3,020 ನೌಕರರನ್ನು ಸುಮಾರು ನಾಲ್ಕು ವರ್ಷ ಗಮನಿಸಿ 1991ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮುಂದೆ ಬೆನ್ನುನೋವಿನ ದೂರು ಸಲ್ಲಿಸುವವರು ಯಾರೆಂಬುದನ್ನು ಸೂಚಿಸುವಲ್ಲಿ ಬೆನ್ನಿನ ಬಲದ ಅಳತೆಗಿಂತ ಕೆಲಸದ ಬಗೆಗಿನ ಅತೃಪ್ತಿಯೇ ಮುಂದಿತ್ತು.

ದೇಶದಿಂದ ದೇಶಕ್ಕೆ ಕಾಣುವ ವ್ಯತ್ಯಾಸ ಇನ್ನೂ ದೊಡ್ಡ ಒಗಟು. ಆಸ್ಟ್ರೇಲಿಯಾದಲ್ಲಿ 1980ರ ದಶಕದಲ್ಲಿ ಬೆರಳಚ್ಚು ಮತ್ತು ಕೀಲಿಮಣೆಯ ಕೆಲಸಗಾರರಲ್ಲಿ ಕೈನೋವಿನ ದೂರುಗಳು ಕೆಲವೇ ವರ್ಷಗಳಲ್ಲಿ ಅಲೆಯಂತೆ ಏರಿ, ಆ ದಶಕ ಮುಗಿಯುವ ಮೊದಲೇ ಇಳಿದವು. ಯಂತ್ರಗಳು ಮಾತ್ರ ಇದ್ದಂತೆಯೇ ಇದ್ದವು, ಎಷ್ಟೋ ಕಡೆ ಹೆಚ್ಚಿದ್ದವು. ಸೌತಾಂಪ್ಟನ್ನಿನ ಡೇವಿಡ್ ಕಾಗನ್ ಮತ್ತು ಸಂಗಡಿಗರು ಮುಂಬೈಯಲ್ಲಿರುವ ನೌಕರರನ್ನೂ ಭಾರತ ಉಪಖಂಡದ ಮೂಲದ ಬ್ರಿಟಿಷ್ ನೌಕರರನ್ನೂ ಬಿಳಿಯ ಬ್ರಿಟಿಷ್ ನೌಕರರನ್ನೂ ಹೋಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೈದುಡಿಮೆಯ ಕೆಲಸದವರ ನೋವಿನ ಪ್ರಮಾಣ ಬ್ರಿಟನ್ನಿನಲ್ಲಿ ಎರಡೂ ಮೂಲದವರಿಗೆ ಹೆಚ್ಚುಕಡಿಮೆ ಒಂದೇ ಆಗಿದ್ದು, ಮುಂಬೈಯವರದು ಗಣನೀಯವಾಗಿ ಕಡಿಮೆಯಿತ್ತು. ವಂಶಕ್ಕಿಂತ ನೆಲೆಸಿದ ನಾಡು ಇಲ್ಲಿ ಹೆಚ್ಚು ಮಾತಾಡಿತು. ಅದೇ ತಂಡ 18 ದೇಶಗಳಲ್ಲಿ, ದಾದಿಯರು, ಕಚೇರಿ ನೌಕರರು ಮೊದಲಾದ 47 ಉದ್ಯೋಗಿ ಗುಂಪುಗಳಲ್ಲಿ 12,000ಕ್ಕೂ ಹೆಚ್ಚು ಜನರನ್ನು ಒಂದೇ ಪ್ರಶ್ನಾವಳಿಯಿಂದ ಕೇಳಿ 2013ರಲ್ಲಿ ವರದಿ ಮಾಡಿದಂತೆ, ನಿತ್ಯದ ಕೆಲಸಕ್ಕೆ ಅಡ್ಡಿಯಾಗುವಷ್ಟು ಸೊಂಟನೋವಿನ ಪ್ರಮಾಣ ಒಂದೇ ಬಗೆಯ ಕೆಲಸ ಮಾಡುವವರ ನಡುವೆಯೂ ಶೇ. 9.6ರಿಂದ ಶೇ. 42.6ರವರೆಗೆ ಹರಡಿತ್ತು. ಎತ್ತುವ ಭಾರ, ಕೂರುವ ಭಂಗಿ, ವಯಸ್ಸು ಇವುಗಳಿಂದ ಇಷ್ಟು ದೊಡ್ಡ ಅಂತರವನ್ನು ವಿವರಿಸಲಾಗುವುದಿಲ್ಲ. ನೋವಿನ ಬಗ್ಗೆ ಒಂದು ಸಮಾಜ ಏನನ್ನು ನಂಬುತ್ತದೆ, ಯಾವುದಕ್ಕೆ ಹೆದರುತ್ತದೆ ಎಂಬುದೂ ಸೊಂಟದವರೆಗೆ ಇಳಿಯುತ್ತದೆಂದು ಒಪ್ಪಬೇಕಾಗುತ್ತದೆ.

ಇಲ್ಲಿ ಒಂದು ಅಪಾರ್ಥವನ್ನು ತಡೆಯುವುದು ಅಗತ್ಯ. ಮನಸ್ಸೂ ಸಮಾಜವೂ ನೋವನ್ನು ರೂಪಿಸುತ್ತವೆ ಎಂದರೆ ನೋವು ಸುಳ್ಳೆಂದಾಗಲಿ, ನೊಂದವರು ಸೋಗು ಹಾಕುತ್ತಿದ್ದಾರೆಂದಾಗಲಿ ಅರ್ಥವಲ್ಲ. ದಿನಕ್ಕೆ ಇಷ್ಟು ಸಾವಿರವೆಂದು ಬೀಡಿ ಸುತ್ತುವ ದಕ್ಷಿಣ ಕನ್ನಡದ ಹೆಂಗಸರ ಕತ್ತು, ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಯಲ್ಲಿ ಹೊಲಿಗೆಯಂತ್ರದ ಮುಂದೆ ಬಾಗಿದ ಬೆನ್ನು, ಮಲೆನಾಡಿನ ಸುಗ್ಗಿಯಲ್ಲಿ ತಡರಾತ್ರಿಯವರೆಗೆ ಮೆಟ್ಟುಗತ್ತಿಯ ಮೇಲೆ ಕೂತು ಅಡಕೆ ಸುಲಿಯುವವರ ಸೊಂಟ ಇವೆಲ್ಲ ನೋಯುವುದು ನಂಬಿಕೆಯಿಂದಲೇ ಎನ್ನುವುದು ಕ್ರೌರ್ಯವಾದೀತು. ಜನಸಮುದಾಯದ ಅಂಕಿಅಂಶವು ಒಂದು ಗುಂಪಿನ ಬಗ್ಗೆ ಹೇಳುವ ಮಾತನ್ನು ಒಬ್ಬರ ಮೇಲೆ ಹೊರಿಸಲು ಬಳಸುವುದು ಆ ವಿದ್ಯೆಗೂ ಆ ವ್ಯಕ್ತಿಗೂ ಅನ್ಯಾಯ.

ಕಾರಣವು ನೇರವಾಗಿ ಮೂಳೆಯಲ್ಲೇ ಇದ್ದ ನಿದರ್ಶನವೊಂದು ಕರ್ನಾಟಕದಲ್ಲೇ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಗಮನಕ್ಕೆ ಬಂದು, ಆ ಊರ ಹೆಸರನ್ನೇ ಪಡೆದ ಕಾಯಿಲೆಯು, ಸೊಂಟದ ಕೀಲಿನ ಮತ್ತು ಮಂಡಿಯ ನೋವಾಗಿ ಆರಂಭವಾಗಿ, ಕುಕ್ಕರಗಾಲಲ್ಲಿ ಕೂರಲಾಗದಂತೆ, ತೂರಾಡದೆ ನಡೆಯಲಾಗದಂತೆ ಮಾಡಿ, ಕೊನೆಗೆ ಹಲವರನ್ನು ನೆಲಹಿಡಿಸುತ್ತದೆ. ಕೆಲವರಲ್ಲಿ ಮೈಯ ಬೆಳವಣಿಗೆಯೇ ಕುಂಠಿತವಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ ಅವರು 1977ರಲ್ಲಿ ಇದನ್ನು ಮಲೆನಾಡಿನ ಸ್ಥಳೀಯ ಕೌಟುಂಬಿಕ ಸಂಧಿರೋಗವೆಂದು ವಿವರಿಸಿದರು. ರೋಗಕ್ಕೆ ತುತ್ತಾದವರು ಬಹುಪಾಲು ದಲಿತ ಸಮುದಾಯಗಳ ಕೃಷಿಕಾರ್ಮಿಕ ಕುಟುಂಬದವರಾಗಿದ್ದು, ಗದ್ದೆಗೆ ಸಿಂಪಡಿಸಿದ ಕೀಟನಾಶಕವು ಅಲ್ಲಿ ಹಿಡಿದು ತಿನ್ನುವ ಏಡಿಗಳ ಮೂಲಕ ಮೈಸೇರುತ್ತಿರಬಹುದೆಂಬ ಶಂಕೆ ಬಹುಕಾಲ ಚರ್ಚೆಯಲ್ಲಿತ್ತು. ಮುಂದೆ ಎಸ್. ಎಸ್. ಅಗರ್‌ವಾಲ್ ಮತ್ತು ಇತರರು ಎಕ್ಸ್‌ರೇ ಚಿತ್ರಗಳನ್ನೂ ಕುಟುಂಬಗಳ ವಂಶವೃಕ್ಷಗಳನ್ನೂ ಪರಿಶೀಲಿಸಿ, ಇದು ಮೂಳೆಯ ತುದಿಗಳ ಬೆಳವಣಿಗೆಯಲ್ಲಿನ ದೋಷವೆಂದೂ, ತಂದೆತಾಯಿಯರಲ್ಲಿ ಒಬ್ಬರಿಂದ ಬಂದರೂ ಮಕ್ಕಳಲ್ಲಿ ಪ್ರಕಟವಾಗುವ ಪ್ರಬಲ ಆನುವಂಶಿಕ ಗುಣವೆಂದೂ 1990ರ ದಶಕದಲ್ಲಿ ತೋರಿಸಿದರು. ನೋವಿನ ಕಾರಣವನ್ನು ತಿನ್ನುವ ಅನ್ನದಲ್ಲಿ ಹುಡುಕುವುದೋ ಹುಟ್ಟಿದ ಮನೆತನದಲ್ಲಿ ಹುಡುಕುವುದೋ ಎಂಬುದು ವಿಜ್ಞಾನದ ಪ್ರಶ್ನೆಯೇ ಆದರೂ, ಆ ಮನೆಗಳ ಹುಡುಗಿಯರ ಮದುವೆಯ ಮಾತುಕತೆಗೂ ಅದು ತಟ್ಟುತ್ತದೆಂಬುದನ್ನು ಶೋಧಕರು ಮರೆಯುವಂತಿಲ್ಲ. ಇದಕ್ಕೆ ಭಿನ್ನವಾಗಿ, ಬಯಲುಸೀಮೆಯ ಹಲವು ಕಡೆ ಕೊಳವೆಬಾವಿಯ ನೀರಿನ ಫ್ಲೋರೈಡಿನಿಂದ ಬರುವ ಬೆನ್ನಿನ ಬಿಗಿತ, ಕೀಲುನೋವುಗಳಿಗೆ ಕಾರಣ ನೀರಿನಲ್ಲೇ ಇದ್ದರೂ, ಆರಂಭದಲ್ಲಿ ಅವು ಬೇರೆ ಸಂಧಿವಾತಗಳಂತೆಯೇ ತೋರುವುದರಿಂದ, ಇಡೀ ಕೇರಿಯನ್ನು ಕೇಳಿ ನೀರನ್ನು ಪರೀಕ್ಷಿಸದ ಹೊರತು ಒಬ್ಬೊಬ್ಬರನ್ನೇ ನೋಡುವ ವೈದ್ಯರಿಗೆ ಗುರುತು ಸಿಗುವುದು ಕಷ್ಟ.

ನಿರ್ವಹಣೆಯ ಮಾತಿಗೆ ಬಂದರೆ, ನಂಬಿಕೆ ನೋವನ್ನು ಬೆಳೆಸುವುದಾದರೆ ನಂಬಿಕೆಯನ್ನು ಬದಲಿಸಿ ಅದನ್ನು ತಗ್ಗಿಸಲು ಸಾಧ್ಯವೇ ಎಂಬುದನ್ನು ಆಸ್ಟ್ರೇಲಿಯಾದ ವಿಕ್ಟೋರಿಯ ರಾಜ್ಯವು 1997ರಿಂದ 1999ರವರೆಗೆ ಪರೀಕ್ಷಿಸಿತು. ಬೆನ್ನು ನೋಯುವಾಗ ಹಾಸಿಗೆ ಹಿಡಿಯಬೇಡಿ, ಆದಷ್ಟೂ ಓಡಾಡಿಕೊಂಡು ನಿತ್ಯದ ಕೆಲಸ ಮುಂದುವರಿಸಿ ಎಂಬ ಸಂದೇಶವನ್ನು ದೂರದರ್ಶನದ ಜಾಹೀರಾತುಗಳ ಮೂಲಕ ಮನೆಮನೆಗೆ ಮುಟ್ಟಿಸಲಾಯಿತು. ರೇಚೆಲ್ ಬುಕ್‌ಬೈಂಡರ್ ಮತ್ತು ಇತರರು ಪ್ರಚಾರವಿಲ್ಲದ ನೆರೆಯ ನ್ಯೂ ಸೌತ್ ವೇಲ್ಸ್ ರಾಜ್ಯದೊಡನೆ ಹೋಲಿಸಿದಾಗ, ವಿಕ್ಟೋರಿಯದಲ್ಲಿ ಜನರ ಮತ್ತು ವೈದ್ಯರ ನಂಬಿಕೆಗಳು ಬದಲಾಗಿದ್ದವು, ಬೆನ್ನುನೋವಿನ ಪರಿಹಾರ ಕೋರಿದ ಅರ್ಜಿಗಳು ಸುಮಾರು ಶೇ. 15ರಷ್ಟು ಇಳಿದಿದ್ದವು. ಸ್ಕಾಟ್ಲೆಂಡಿನಲ್ಲೂ ಕೆನಡಾದ ಆಲ್ಬರ್ಟಾದಲ್ಲೂ ಮುಂದೆ ನಡೆದ ಇಂಥ ಪ್ರಚಾರಗಳಲ್ಲಿ ನಂಬಿಕೆ ಬದಲಾಯಿತಾದರೂ ಕೆಲಸಕ್ಕೆ ಗೈರಾಗುವುದು ಅಷ್ಟಾಗಿ ತಗ್ಗಲಿಲ್ಲ. ಮಾಲೀಕರು ಹಗುರ ಕೆಲಸಕ್ಕೆ ಅವಕಾಶ ಕೊಡದಿದ್ದಲ್ಲಿ ಓಡಾಡಿಕೊಂಡಿರಿ ಎಂಬ ಬುದ್ಧಿಮಾತು ದಿನಗೂಲಿಯವರಿಗೆ ಎಷ್ಟು ಉಪಯೋಗಕ್ಕೆ ಬಂದೀತೆಂಬುದು ನ್ಯಾಯವಾದ ಪ್ರಶ್ನೆ. ಮೈತುಂಬ ಹರಡಿದ ನೋವಿನ 442 ಮಂದಿಯನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪುಗಳಾಗಿ ಹಂಚಿ ಅಬರ್ಡೀನ್ ಮತ್ತು ಮ್ಯಾಕಲ್ಸ್‌ಫೀಲ್ಡ್ ಊರುಗಳಲ್ಲಿ ನಡೆಸಿದ ಪ್ರಯೋಗವು 2012ರಲ್ಲಿ ಪ್ರಕಟವಾಗಿದ್ದು, ಎಂದಿನ ಚಿಕಿತ್ಸೆಯಷ್ಟೇ ದೊರೆತವರಲ್ಲಿ ಆರು ತಿಂಗಳಿಗೆ ಶೇ. 8 ಮಂದಿ ಸುಧಾರಿಸಿದ್ದರೆ, ದೂರವಾಣಿಯಲ್ಲಿ ಆಪ್ತಸಮಾಲೋಚನೆ ಪಡೆದವರಲ್ಲಿ ಶೇ. 30, ವ್ಯಾಯಾಮ ಮಾಡಿದವರಲ್ಲಿ ಶೇ. 35, ಎರಡನ್ನೂ ಪಡೆದವರಲ್ಲಿ ಶೇ. 37 ಮಂದಿ ಸುಧಾರಿಸಿದ್ದರು. ಅರ್ಧಕ್ಕಿಂತ ಹೆಚ್ಚು ಜನ ಅತ್ಯುತ್ತಮ ಗುಂಪಿನಲ್ಲೂ ಸುಧಾರಿಸಲಿಲ್ಲವೆಂಬುದನ್ನು ಬಚ್ಚಿಡಬೇಕಾಗಿಲ್ಲ.

ಕರ್ನಾಟಕದಲ್ಲಿ ಮನೆಬಾಗಿಲಿಗೆ ಹೋಗಿ ನೋವನ್ನು ಕೇಳಿದ ಕೆಲಸಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಗಿರೀಶ್ ಕುಲಕರ್ಣಿ, ಗಿರೀಶ್ ರಾವ್, ಜಿ. ಗುರುರಾಜ್ ಅವರು ಅಂತರರಾಷ್ಟ್ರೀಯ ತಲೆನೋವು ಅಭಿಯಾನದ ಲಾರ್ಸ್ ಸ್ಟೋವ್ನರ್, ತಿಮೊಥಿ ಸ್ಟೈನರ್ ಅವರೊಡನೆ ನಡೆಸಿದ ಸಮೀಕ್ಷೆ ಮುಖ್ಯವಾದುದು. ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು, ಅದರಿಂದ ದೊರೆತ ರೋಗನಿರ್ಣಯವನ್ನು ನರರೋಗ ತಜ್ಞರ ನಿರ್ಣಯದೊಡನೆ ತಾಳೆ ನೋಡಿದ ಬಳಿಕ, 2009ರ ಏಪ್ರಿಲಿನಿಂದ 2010ರ ಜನವರಿಯವರೆಗೆ ಬೆಂಗಳೂರು ನಗರ ಮತ್ತು ಸುತ್ತಣ ಹಳ್ಳಿಗಳ 18ರಿಂದ 65 ವಯಸ್ಸಿನ 2,329 ಜನರನ್ನು ಕಾಣಲಾಯಿತು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದವರು ಶೇ. 63.9, ಅರೆತಲೆನೋವು, ಎಂದರೆ ಮೈಗ್ರೇನ್, ಇದ್ದವರು ವಯಸ್ಸಿನ ಹಂಚಿಕೆಗೆ ಸರಿಹೊಂದಿಸಿದಾಗ ಶೇ. 25.2. ಪಟ್ಟಣದ ಗದ್ದಲದ ಕಾಯಿಲೆಯೆಂದು ಹಲವರು ಭಾವಿಸುವ ಅರೆತಲೆನೋವು ನಗರಕ್ಕಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿತ್ತು. ತಿಂಗಳಲ್ಲಿ ಹದಿನೈದು ದಿನ ಅಥವಾ ಅದಕ್ಕೂ ಹೆಚ್ಚು ತಲೆನೋವಿನಲ್ಲಿ ಕಳೆಯುವವರು ಶೇ. 3.0 ಇದ್ದರು, ಶೇ. 1.2ರಷ್ಟು ಜನರಲ್ಲಿ ಆ ನೋವಿಗೆ ನೋವಿನ ಮಾತ್ರೆಯೇ ಕಾರಣವಾಗಿರುವ ಸಂಭವ ಕಂಡಿತು. ಸಾಮಾನ್ಯ ನೋವುನಿವಾರಕಗಳನ್ನು ತಿಂಗಳಿಗೆ ಹದಿನೈದು ದಿನವೋ, ಹಲವು ಔಷಧಗಳು ಬೆರೆತ ಮಾತ್ರೆಗಳನ್ನು ಹತ್ತು ದಿನವೋ ಮೂರು ತಿಂಗಳು ಮೀರಿ ನುಂಗುತ್ತ ಬಂದರೆ ತಲೆನೋವು ಇಳಿಯುವ ಬದಲು ನೆಲೆನಿಲ್ಲಬಹುದು; ಮಾತ್ರೆಯನ್ನು ಬಿಡಿಸುವುದೇ ಅದರ ಚಿಕಿತ್ಸೆಯ ಮೊದಲ ಹೆಜ್ಜೆ, ಮತ್ತು ಬಿಟ್ಟ ಮೊದಲ ದಿನಗಳಲ್ಲಿ ನೋವು ಇನ್ನೂ ಏರುವುದರಿಂದ ಆಗ ಪಕ್ಕದಲ್ಲಿ ಧೈರ್ಯ ಹೇಳುವವರು ಬೇಕು. ಸಂತೆಗೆ ಹೋದಾಗ ಅಂಗಡಿಯಲ್ಲಿ ಕೊಂಡು ಅಡುಗೆಮನೆಯ ಗೂಡಿನಲ್ಲಿ ಇಟ್ಟ ಮಾತ್ರೆಯ ಹಾಳೆಯನ್ನು ಬಹುಮಂದಿ ಔಷಧವೆಂದೇ ಲೆಕ್ಕಕ್ಕೆ ಹಿಡಿಯದೆ, ವೈದ್ಯರು ಬೇರೇನು ತೆಗೆದುಕೊಳ್ಳುತ್ತೀರಿ ಎಂದಾಗ ಏನೂ ಇಲ್ಲ ಎನ್ನುತ್ತಾರೆ. ತಿಂಗಳಿಗೆ ಎಷ್ಟು ದಿನ ಎಂದು ಅವರ ಮನೆಯಲ್ಲೇ ಕೂತು ಕೇಳಿ, ಅವರು ಬೆರಳು ಮಡಚಿ ಎಣಿಸುವವರೆಗೆ ಕಾದವರಿಗೆ ಮಾತ್ರ ಅದು ತಿಳಿಯುತ್ತದೆ.